ಕಾಂಕ್ರೀಟು ಬ್ಲಾಕಿನ ಗೋಡೆಯಲ್ಲಿ ಗಾರೆಯ ಸಂದಿನ ದಪ್ಪ

ಕಲಬುರಗಿಯ ಶಹಾಬಜಾರದಲ್ಲಿ ಬಹಮನೀ ಕಾಲದ ಮಸೀದಿಯೊಂದಿದೆ. ಆ ಕಾಲದ ಕಲ್ಲುಗೋಡೆಗಳಲ್ಲಿ ಸಂದು ಒಂದೆಡೆ ತೆಳುವಾಗಿಯೂ ಮತ್ತೊಂದೆಡೆ ದಪ್ಪವಾಗಿಯೂ ಇರುವುದು ಸಹಜ. ಕಲ್ಲಿನ ಮೈಯೇ ಏರುಪೇರು. ಸುಣ್ಣದ ಗಾರೆ ನಿಧಾನವಾಗಿ ಗಟ್ಟಿಯಾಗುತ್ತ ಗೋಡೆಯ ಸಣ್ಣ ಚಲನೆಗಳಿಗೆ ಒಗ್ಗಿಕೊಳ್ಳುವುದರಿಂದ ಅದು ಬಾಧಕವೂ ಅಲ್ಲ. ಇಂದಿನ ಕಾಂಕ್ರೀಟು ಬ್ಲಾಕಿಗೂ ಸಿಮೆಂಟು ಗಾರೆಗೂ ಈ ಸಲುಗೆ ಸಲ್ಲದು.

ಬ್ಲಾಕಿನ ಹೆಸರಿನ ಅಳತೆ 400×200×200 ಮಿ.ಮೀ.; ನಿಜವಾದ ಅಳತೆ 390×190×190 ಮಿ.ಮೀ. ಈ 10 ಮಿ.ಮೀ. ಅಂತರ ಅಚ್ಚಿನ ತಪ್ಪಲ್ಲ, ಗಾರೆಗೆಂದೇ ಬಿಟ್ಟ ಜಾಗ. ಭಾರತೀಯ ಮಾನಕಗಳು ಸಂದಿಗೆ ವಿಧಿಸುವ ದಪ್ಪವೂ ಇದೇ. ಹೀಗೆ ಕಟ್ಟಿದರೆ 15 ವರಸೆಗಳಿಗೆ ಸರಿಯಾಗಿ 3 ಮೀಟರು ಎತ್ತರವಾಗುತ್ತದೆ.

ಸಂದು 20 ಮಿ.ಮೀ. ಆದರೇನು? ನಾವು ಗಟ್ಟಿ ಬ್ಲಾಕಿಗೆ ಲೆಕ್ಕ ಹಾಕಿದೆವು. ಒಂದು ಚದರ ಮೀಟರು ಗೋಡೆಗೆ 14 ಲೀಟರು ಬೇಕಾಗಿದ್ದ ಗಾರೆ 26 ಲೀಟರನ್ನು ಮೀರುತ್ತದೆ. ಉಳಿಯುವುದು ಒಂದು ಪೂರ್ತಿ ಬ್ಲಾಕೂ ಅಲ್ಲ. ಮನೆ ಕಟ್ಟಿಸುವವನ ಹಣ ಹೀಗೆ ಗೋಡೆಯೊಳಗೆ ಮರೆಯಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬಲದ್ದು. ಭಾರ ಬಿದ್ದಾಗ ಬ್ಲಾಕಿಗಿಂತ ಮೆತ್ತಗಿರುವ ಗಾರೆ ಪಕ್ಕಕ್ಕೆ ಹರಡಲು ಹವಣಿಸುತ್ತದೆ. ಅದಕ್ಕೆ ಅಂಟಿದ ಬ್ಲಾಕು ಅದನ್ನು ತಡೆಯುತ್ತ ತಾನೇ ಎಳೆತಕ್ಕೆ ಸಿಕ್ಕಿ ನೆಟ್ಟಗೆ ಸೀಳುತ್ತದೆ. ಇಟ್ಟಿಗೆಗೋಡೆಯ ವಿಷಯದಲ್ಲಿ ಹಿಲ್ಸ್‌ಡಾರ್ಫರು 1969ರಲ್ಲಿ ವಿವರಿಸಿದ ಈ ಕ್ರಮ ಇಲ್ಲಿಗೂ ಬಹುಮಟ್ಟಿಗೆ ಅನ್ವಯಿಸುತ್ತದೆ. ಸಂದು ದಪ್ಪವಾದಷ್ಟೂ ಈ ಎಳೆತ ಹೆಚ್ಚು. ಗಾರೆ ಒಣಗುವಾಗ ಕುಗ್ಗುವುದೂ ಹೆಚ್ಚು; 40 ಡಿಗ್ರಿ ದಾಟುವ ಕಲಬುರಗಿಯ ಬೇಸಗೆಯಲ್ಲಿ ನೀರುಣಿಸದೆ ಬಿಟ್ಟ ಗೋಡೆಯ ಪಾಡನ್ನು ಹೇಳಬೇಕಾಗಿಲ್ಲ.

ಹಾಗೆಂದು ಸಂದನ್ನು ತೀರ ತೆಳುವಾಗಿಸಲಾಗದು. ಬ್ಲಾಕಿನ ಒರಟು ಮೈಗಳು ಅಲ್ಲಲ್ಲಿ ಮಾತ್ರ ತಾಗಿ ಭಾರವೆಲ್ಲ ಆ ಬಿಂದುಗಳ ಮೇಲೆಯೇ ನಿಲ್ಲುತ್ತದೆ.

ದಪ್ಪ ಸಂದಿಗೆ ಗೌಂಡಿಯನ್ನು ದೂರುವುದು ರೂಢಿ. ಆದರೆ ತಪ್ಪು ಅನೇಕ ವೇಳೆ ಅಚ್ಚಿನ ಬಳಿಯಲ್ಲಿಯೇ ಆಗಿರುತ್ತದೆಂದು ನಮ್ಮ ಅಭಿಪ್ರಾಯ. ಮಾನಕದಂತೆ ಎತ್ತರದಲ್ಲಿ 3 ಮಿ.ಮೀ. ಹೆಚ್ಚುಕಡಿಮೆಗೆ ಮಾತ್ರ ಅವಕಾಶವುಂಟು. ಅದನ್ನು ಮೀರಿದ ಬ್ಲಾಕುಗಳನ್ನು ಕೊಟ್ಟು ವರಸೆ ಮಟ್ಟವಾಗಿರಲೆಂದರೆ ಅವನು ಗಾರೆಯನ್ನು ತುಂಬದೆ ಮತ್ತೇನು ಮಾಡಿಯಾನು? ವಿದ್ಯಾರ್ಥಿಗಳು ಒಂದು ಪರೀಕ್ಷೆ ಮಾಡಬಹುದು: ಸಮತಟ್ಟಾದ ನೆಲದ ಮೇಲೆ ಹತ್ತು ಬ್ಲಾಕುಗಳನ್ನು ಸಾಲಾಗಿಟ್ಟು ಮೇಲೊಂದು ನೇರಪಟ್ಟಿಯನ್ನು ಇರಿಸಬೇಕು. ಪಟ್ಟಿಯ ಕೆಳಗೆ ಎಲ್ಲಿಯಾದರೂ 6 ಮಿ.ಮೀ.ಗಿಂತ ಹೆಚ್ಚು ಎಡೆ ಕಂಡರೆ, ಆ ಗಾಡಿಯ ಬ್ಲಾಕುಗಳನ್ನು ಇಳಿಸಿಕೊಳ್ಳದೆ ಹಿಂದಕ್ಕೆ ಕಳುಹಿಸುವುದು ಯುಕ್ತ.