ಲುಕ್ಬಾನಿನ ಪಹಿಯಾಸ್ ಉತ್ಸವ

ಫಿಲಿಪ್ಪೀನ್ಸ್ ದ್ವೀಪಸ್ತೋಮದ ಅತಿ ದೊಡ್ಡ ದ್ವೀಪವಾದ ಲೂಸಾನಿನಲ್ಲಿ, ಬನಹಾವ್ ಪರ್ವತದ ತಪ್ಪಲಿನಲ್ಲಿ, ಲುಕ್ಬಾನ್ ಎಂಬ ಊರು ಇದೆ. ಟಗಾಲೊಗ್ ಭಾಷೆಯಲ್ಲಿ ಚಕ್ಕೋತ ಹಣ್ಣಿಗಿರುವ ಹೆಸರೇ ಊರಿಗೂ ಬಂದಿದೆ. ಆದರೆ ಇದರ ಖ್ಯಾತಿಗೆ ಕಾರಣವಾದುದು ಚಕ್ಕೋತವಲ್ಲ, ಬತ್ತ. ಪ್ರತಿವರ್ಷ ಮೇ 15ರಂದು, ಕೃಷಿಕರ ರಕ್ಷಕನಾದ ಸಂತ ಇಸಿದ್ರೋನ ಹೆಸರಿನಲ್ಲಿ, ಇಲ್ಲಿಯ ಜನರು ತಮ್ಮ ಮನೆಗಳ ಮುಂಭಾಗವನ್ನು ಬೆಳೆಗಳಿಂದ ಸಿಂಗರಿಸುತ್ತಾರೆ. ಇದಕ್ಕೆ ಪಹಿಯಾಸ್ ಎಂದು ಹೆಸರು. ಆ ಭಾಷೆಯಲ್ಲಿ ‘ಹಿಯಾಸ್’ ಎಂದರೆ ಆಭರಣ. ಸುಗ್ಗಿಯ ಹಬ್ಬವೊಂದರ ಹೆಸರಿನಲ್ಲಿ ಸುಗ್ಗಿಯ ಮಾತಿಲ್ಲದೆ ಅಲಂಕಾರದ ಮಾತು ಮಾತ್ರ ಇರುವುದು ಗಮನಾರ್ಹವಾಗಿದೆ. ಕೃತಜ್ಞತೆಯ ಕಾಣಿಕೆಯು ಅಲಂಕಾರವಾಗಿ ಮಾರ್ಪಟ್ಟ ಬಗೆಯನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ಇಸಿದ್ರೋ 12ನೆಯ ಶತಮಾನದಲ್ಲಿ ಸ್ಪೇನಿನ ಮ್ಯಾಡ್ರಿಡ್ ಬಳಿ ಒಡೆಯನೊಬ್ಬನ ಹೊಲದಲ್ಲಿ ದುಡಿಯುತ್ತಿದ್ದ ಆಳು. ಆತನು ಪ್ರಾರ್ಥನೆಯಲ್ಲಿ ಮಗ್ನನಾಗಿರುವಾಗ ದೇವದೂತರು ಬಂದು ಆತನ ನೇಗಿಲನ್ನು ಹೂಡಿದರೆಂಬ ಐತಿಹ್ಯ ಪ್ರಸಿದ್ಧವಾಗಿದೆ. 1622ರಲ್ಲಿ ರೋಮಿನಲ್ಲಿ ಆತನಿಗೆ ಸಂತಪದವಿ ದೊರೆಯಿತು. ಗೋವೆಯಲ್ಲಿ ಯಾರ ದೇಹವು ಇಂದಿಗೂ ಇದೆಯೋ ಆ ಫ್ರಾನ್ಸಿಸ್ ಝೇವಿಯರನಿಗೂ ಅದೇ ದಿನ ಅದೇ ಪದವಿ ದೊರೆಯಿತೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಲುಕ್ಬಾನಿನ ಇಗರ್ಜಿಯ ಅಧಿದೈವತ ಇಸಿದ್ರೋ ಅಲ್ಲ. ಅದು ತುಲೂಸಿನ ಬಿಷಪ್ ಸಂತ ಲೂಯಿಯ ಹೆಸರಿನದು. ಬಿಷಪ್ಪನ ಊರಿನಲ್ಲಿ ಆಳೊಬ್ಬನ ಹಬ್ಬವೇ ಹೆಚ್ಚು ದೊಡ್ಡದಾಗಿ ಬೆಳೆದುದು ಬೇಸಾಯಗಾರರ ಊರಿಗೆ ಸಹಜವೆಂದೇ ನಮ್ಮ ಭಾವನೆ.

ಪೂರ್ವದಲ್ಲಿ ರೈತರು ತಮ್ಮ ಫಸಲನ್ನು ಇಗರ್ಜಿಗೆ ಒಯ್ದು ಪಾದ್ರಿಯಿಂದ ಆಶೀರ್ವಾದ ಮಾಡಿಸುತ್ತಿದ್ದರು. ಫಸಲು ಇಗರ್ಜಿಯಲ್ಲಿ ಹಿಡಿಸದಷ್ಟಾದಾಗ ಅದನ್ನು ಮನೆಗಳ ಮುಂದೆಯೇ ಇಡುವ ಪದ್ಧತಿ ಬಂದು, ಪಾದ್ರಿಯೇ ಬೀದಿಯಲ್ಲಿ ನಡೆದು ಆಶೀರ್ವದಿಸತೊಡಗಿದನೆಂದು ಊರಿನವರು ಹೇಳುತ್ತಾರೆ. ಅಂದರೆ ಕಾಣಿಕೆಯು ಸಂತನ ಬಳಿಗೆ ಹೋಗುವುದು ನಿಂತು, ಸಂತನೇ ಕಾಣಿಕೆಯ ಬಳಿಗೆ ಬರುವಂತಾಯಿತು. ಇಂದು ಇಸಿದ್ರೋನ ಮತ್ತು ಆತನ ಪತ್ನಿ ಮರಿಯಾಳ ವಿಗ್ರಹಗಳು ಮೆರವಣಿಗೆಯಲ್ಲಿ ಬರುತ್ತವೆ. ಮೆರವಣಿಗೆಯ ದಾರಿ ವರ್ಷವರ್ಷಕ್ಕೂ ಬೇರೆ. ಆದುದರಿಂದ ಯಾವ ಬೀದಿಗೂ ಈ ಗೌರವ ಶಾಶ್ವತವಲ್ಲ. ತಮ್ಮ ಸರದಿಗಾಗಿ ಮನೆಯವರು ಕಾದಿರುತ್ತಾರೆ, ಸರದಿ ಬಂದಾಗ ಕೈ ಬಿಗಿ ಹಿಡಿಯುವುದಿಲ್ಲ.

ಅಲಂಕಾರದಲ್ಲಿ ಪ್ರಧಾನವಾದುದು ‘ಕಿಪಿಂಗ್’. ಅಕ್ಕಿಯನ್ನು ನೆನೆಹಾಕಿ, ಅರೆದು, ಬಣ್ಣ ಬೆರೆಸಿ, ಆ ತೆಳುವಾದ ಹಿಟ್ಟನ್ನು ‘ಕಬಲ್’ ಎಂಬ ಗಿಡದ ಅಗಲವಾದ ಎಲೆಯ ಮೇಲೆ ಹರಡಿ ಹಬೆಯಲ್ಲಿ ಬೇಯಿಸುತ್ತಾರೆ. ಕಾಫಿ, ಕೋಕೋ ಎಲೆಗಳನ್ನು ಬಳಸುವುದೂ ಉಂಟು. ಬಳಿಕ ಅದನ್ನು ಆರಿಸಿ, ಭಾರವಿಟ್ಟು ಸಮತಟ್ಟು ಮಾಡಿ, ಎಲೆಯಿಂದ ಬಿಡಿಸುತ್ತಾರೆ. ನಮ್ಮ ಅಕ್ಕಿಯ ಹಪ್ಪಳವನ್ನು ಬಲ್ಲವರಿಗೆ ಈ ಕ್ರಮ ತೀರ ಅಪರಿಚಿತವಾಗದು. ಆದರೆ ಕಿಪಿಂಗಿನಲ್ಲಿ ಎಲೆಯ ಆಕಾರವೂ ಅದರ ನರಗಳ ಗುರುತೂ ಹಾಗೆಯೇ ಮೂಡಿರುತ್ತವೆ. ಕೆಂಪು, ಹಳದಿ, ಹಸುರು ಬಣ್ಣಗಳ ಇಂಥ ನೂರಾರು ಹಾಳೆಗಳನ್ನು ಪೋಣಿಸಿ ‘ಅರಾಂಗ್ಯಾ’ ಎಂಬ ತೂಗುದೀಪದಾಕಾರದ ಗೊಂಚಲುಗಳನ್ನು ಕಿಟಕಿಗಳಿಗೆ ತೂಗುಹಾಕುತ್ತಾರೆ. ಮಳೆ ಬಂದರೆ ಇವು ಮೆತ್ತಗಾಗುತ್ತವೆ. ಹಬ್ಬ ಮುಗಿದಮೇಲೆ ಸುಟ್ಟೋ ಕರಿದೋ ತಿನ್ನಲೂ ಬರುತ್ತವೆ. ಕಾಣಿಕೆಯಾಗಿ ಬಂದ ಧಾನ್ಯವು ಆಭರಣವಾಗಿ, ಆಭರಣವು ಮತ್ತೆ ಅನ್ನವಾಗುವ ಈ ಚಕ್ರವು ಉತ್ಸವದ ತಿರುಳೆಂದು ನಾವು ಎಣಿಸುತ್ತೇವೆ.

ಅದೇ ಸಂತನ ಹಬ್ಬವನ್ನು ನೆರೆಯೂರುಗಳು ಬೇರೆ ರೀತಿಯಲ್ಲಿ ಆಚರಿಸುತ್ತವೆ. ತಯಾಬಾಸಿನಲ್ಲಿ ‘ಸುಮನ್’ ಎಂಬ ಎಲೆ ಸುತ್ತಿದ ಅಂಟಕ್ಕಿಯ ಕಡುಬನ್ನು ಜನರತ್ತ ಎಸೆಯುತ್ತಾರೆ. ಸರಿಯಾಯದಲ್ಲಿ ಮೆರವಣಿಗೆ ದಾಟಿದೊಡನೆ ಬಿದಿರಿಗೆ ಕಟ್ಟಿದ ತಿನಿಸುಗಳನ್ನು ಜನ ಕಿತ್ತುಕೊಳ್ಳುತ್ತಾರೆ. ಅಲ್ಲಿ ಹಂಚುವುದು ಮುಖ್ಯ, ಲುಕ್ಬಾನಿನಲ್ಲಿ ತೋರುವುದು ಮುಖ್ಯ.

ತೋರುವುದು ಮುಖ್ಯವಾದಲ್ಲಿ ನೋಡುವವರೂ ಮುಖ್ಯರಾಗುತ್ತಾರೆ. ಮನೆಗಳ ಸಿಂಗಾರಕ್ಕೆ ಈಗ ಬಹುಮಾನಗಳಿವೆ. ದೂರದೂರದಿಂದ ಪ್ರವಾಸಿಗರು ಬರುತ್ತಾರೆ. ಊರಿನವರೆಲ್ಲರೂ ರೈತರಲ್ಲ. ಹೊಲವಿಲ್ಲದವನು ತರಕಾರಿಯನ್ನು ಕೊಂಡು ತಂದು ಕಟ್ಟಿದರೆ ಅದು ಕಾಣಿಕೆಯಾದೀತೆ? ಇದಕ್ಕೆ ಊರಿನ ಹಳೆಯ ರೂಢಿಯೇ ಒಂದು ಉತ್ತರವನ್ನು ಒದಗಿಸಿದೆ: ತಾಳೆಯ ನಾರಿನ ಟೋಪಿ ಹೆಣೆಯುವವನು ಟೋಪಿಗಳನ್ನೂ, ‘ಲೊಂಗನಿಸಾ’ ಎಂಬ ಮಾಂಸದ ತಿನಿಸನ್ನು ಮಾಡುವವನು ಅದರ ಮಾಲೆಗಳನ್ನೂ ಬಾಗಿಲಿಗೆ ತೂಗುಹಾಕುತ್ತಾನೆ. ತನ್ನ ಜೀವನೋಪಾಯವೇ ತನ್ನ ಫಸಲು ಎಂಬ ಈ ನಿಲುವು ನಮಗೆ ಒಪ್ಪಿಗೆಯಾಗುತ್ತದೆ. ಬಹುಮಾನದ ವಿಷಯದಲ್ಲಿ ಮಾತ್ರ ನಮಗೆ ಅಷ್ಟು ಸಮಾಧಾನವಿಲ್ಲ. ತೀರ್ಪುಗಾರರ ಕಣ್ಣಿಗೆ ಕಾಣುವುದು ಜೋಡಣೆಯ ಚೆಲುವು. ಆ ವರ್ಷ ಗದ್ದೆ ಎಷ್ಟು ಕೊಟ್ಟಿತೆಂಬುದು ಅಲ್ಲ. ಕಡಮೆ ಬೆಳೆದವನು ಆ ದಿನ ಬಾಗಿಲಿನಲ್ಲಿ ನಾಲ್ಕು ತೆನೆಗಳನ್ನು ಕಟ್ಟಿ ನಿಂತರೂ, ವಿಗ್ರಹಗಳು ಅವನ ಮನೆಯ ಮುಂದೆಯೂ ಹಾದುಹೋಗುತ್ತವೆ.