ಚೆಂದದ ದಾರಿಯ ಮ್ಯಾರಥಾನ್‌ಗಳು: ಮಲೆನಾಡಿನವರು ಮೊದಲು ಎಲ್ಲಿ ಓಡಬೇಕು?

ಲಡಾಖ್‌ನಲ್ಲಿ ಹಿಮದ ಬೆಟ್ಟದ ಕೆಳಗೆ ಜನ ಓಡೋ ರೀಲ್ ನೀವೂ ನೋಡಿರ್ತೀರಿ. ನೋಡಿದ ತಕ್ಷಣ 'ನಾನೂ ಹೋಗ್ಬೇಕು' ಅನ್ಸುತ್ತೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಲ್ಲಿ ದಿನಾ ಏರು-ಇಳಿಜಾರಿನಲ್ಲಿ ಓಡೋರಿಗೆ ಇದು ಸಾಧ್ಯವಾ, ಸಾಧ್ಯ ಆದ್ರೆ ಯಾವುದರಿಂದ ಶುರು ಮಾಡ್ಬೇಕು ಅನ್ನೋದೇ ಇವತ್ತಿನ ಸಂಚಿಕೆ.

ಮೊದಲು ದೂರದ ಲೆಕ್ಕ. ಊರಲ್ಲಿ 5 ಕಿ.ಮೀ. ಓಟಕ್ಕೂ ಮ್ಯಾರಥಾನ್ ಅಂತ ಬ್ಯಾನರ್ ಕಟ್ತಾರೆ. ಪೂರ್ತಿ ಮ್ಯಾರಥಾನ್ ಅಂದ್ರೆ 42.195 ಕಿ.ಮೀ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರ ಇದು. 1921ರಲ್ಲಿ ಇದನ್ನೇ ಎಲ್ಲ ಕಡೆಗೂ ಖಾಯಂ ಮಾಡಿದರು. ಸಾಗರದಿಂದ ಜೋಗಕ್ಕೆ ಸುಮಾರು 30 ಕಿ.ಮೀ. ಜೋಗ ಮುಟ್ಟಿ, ವಾಪಸ್ ತಾಳಗುಪ್ಪದ ದಿಕ್ಕಿಗೆ ಇನ್ನೂ 12 ಕಿ.ಮೀ. ಓಡಿದ್ರೆ ಒಂದು ಮ್ಯಾರಥಾನ್. ಅದರ ಅರ್ಧ, ಅಂದ್ರೆ 21.1 ಕಿ.ಮೀ., ಹಾಫ್. 42ಕ್ಕಿಂತ ಜಾಸ್ತಿ ಆದ್ರೆ ಅಲ್ಟ್ರಾ.

ಇನ್ನು ಇವತ್ತಿನ ಮುಖ್ಯ ಮಾತು. ಒಂದು ದಾರಿ ಚೆಂದ ಕಾಣೋದಕ್ಕೆ ಏನು ಕಾರಣವೋ, ಓಡೋರನ್ನ ಸುಸ್ತು ಮಾಡೋದೂ ಹೆಚ್ಚಿನ ಸಲ ಅದೇ. ಎತ್ತರ, ಏರು, ಸಮುದ್ರದ ಗಾಳಿ, ಬಯಲು. ಹಾಗಾಗಿ ಫೋಟೋ ನೋಡಿ ಹೆಸರು ಕೊಡ್ಬೇಡಿ. ಆ ಜಾಗ ನಿಮ್ಮ ಮೈಗೆ ಏನು ಮಾಡುತ್ತೆ ಅಂತ ನೋಡಿ ಕೊಡಿ.

ಲೇಹ್: ಎತ್ತರ

ಲಡಾಖ್ ಮ್ಯಾರಥಾನ್ 2012ರಲ್ಲಿ ಶುರುವಾಯ್ತು. ಸೆಪ್ಟೆಂಬರ್‌ನಲ್ಲಿ ನಡೆಯುತ್ತೆ. ಲೇಹ್ ಪಟ್ಟಣ ಇರೋದು ಸುಮಾರು 3,500 ಮೀಟರ್ ಎತ್ತರದಲ್ಲಿ. ನಮ್ಮ ಮೂರೂ ಪೇಟೆಗಳು ಸುಮಾರು 600 ಮೀಟರ್, ಕೊಡಚಾದ್ರಿಯ ತುದಿಯೇ 1,343 ಮೀಟರ್. ಲೇಹ್‌ನಲ್ಲಿ ಒಂದೊಂದು ಉಸಿರಿಗೂ ಸಮುದ್ರ ಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಆಮ್ಲಜನಕ ಸಿಗುತ್ತೆ. ಘಟ್ಟ ಹತ್ತಿ ಗಟ್ಟಿಯಾದ ಕಾಲು ಇದಕ್ಕೆ ಉತ್ತರ ಅಲ್ಲ. ಅಲ್ಲಿಗೆ ಹಲವು ದಿನ ಮುಂಚೆ ಹೋಗಿ, ಮೈ ಒಗ್ಗಿದ ಮೇಲೇ ಓಡ್ಬೇಕು. ತಲೆನೋವು, ವಾಂತಿ ಬಂದ್ರೆ ಹಟ ಮಾಡೋದಲ್ಲ, ಡಾಕ್ಟರಿಗೆ ತೋರಿಸಿ ಕೆಳಗಿಳೀಬೇಕು. ಇದೇ ಕೂಟದಲ್ಲಿ ಖರ್ದುಂಗ್ ಲಾ ದಾಟೋ 72 ಕಿ.ಮೀ. ಓಟವೂ ಇದೆ. ಅದು ಅನುಭವಸ್ಥರಿಗೆ ಮಾತ್ರ.

ಸಾತಾರ: ಏರು

ಮಹಾರಾಷ್ಟ್ರದ ಸಾತಾರ ಹಿಲ್ ಹಾಫ್ ಮ್ಯಾರಥಾನ್ ನಮ್ಮವರಿಗೆ ಹೇಳಿ ಮಾಡಿಸಿದ ಹಾಗಿದೆ. ಊರಿಂದ ಯವತೇಶ್ವರ ಘಟ್ಟ ಹತ್ತಿ, ಕಾಸ್ ಕಡೆ ಹೋಗೋ ರಸ್ತೆಯಲ್ಲಿ ಮುಂದೆ ಹೋಗಿ, ಅದೇ ದಾರಿಯಲ್ಲಿ ಇಳಿಯೋದು. ಕಾಸ್ ಅಂದ್ರೆ ಮಳೆಗಾಲದ ಕೊನೆಗೆ ಹೂವು ತುಂಬೋ ಪ್ರಸ್ಥಭೂಮಿ, ಅದೂ ನಮ್ಮ ಪಶ್ಚಿಮ ಘಟ್ಟವೇ. ಇಲ್ಲಿ ಹತ್ತೋದಕ್ಕಿಂತ ಇಳಿಯೋದು ಜಾಸ್ತಿ ಪೆಟ್ಟು ಕೊಡುತ್ತೆ. ಇಳಿಯುವಾಗ ತೊಡೆಯ ಸ್ನಾಯು ಪ್ರತಿ ಹೆಜ್ಜೆಗೂ ಬ್ರೇಕ್ ಹಾಕ್ಬೇಕಲ್ಲ, ಒಂದೆರಡು ದಿನ ಬಿಟ್ಟು ಮೆಟ್ಟಿಲು ಇಳಿಯೋಕಾಗದಷ್ಟು ನೋವು ಬರೋದು ಅದಕ್ಕೇ.

ಕಾಫಿ ತೋಟದ ನಡುವೆ ಓಡೋ ಆಸೆ ಇದ್ರೆ ಚಿಕ್ಕಮಗಳೂರು ಭಾಗದ ಮಲ್ನಾಡ್ ಅಲ್ಟ್ರಾ ಇದೆ. ಆದ್ರೆ ಅಲ್ಟ್ರಾ ಅನ್ನೋ ಪದ ಮರೀಬೇಡಿ.

ಮುಂಬೈ, ಮಣಿಪಾಲ: ಸೆಕೆ

ಮುಂಬೈ ಮ್ಯಾರಥಾನ್ 2004ರಲ್ಲಿ ಶುರುವಾಯ್ತು, ಈಗ ಜನವರಿಯಲ್ಲಿ ನಡೆಯುತ್ತೆ. ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ಬೇರೆ ದಿನ ನಡೆಯೋರನ್ನೂ ಬಿಡಲ್ಲ, ಬೈಕನ್ನೂ ಬಿಡಲ್ಲ. ಮ್ಯಾರಥಾನ್ ದಿನ ಅಲ್ಲಿ ಓಡ್ಬಹುದು. ಕಷ್ಟ ಏನಂದ್ರೆ ಕರಾವಳಿಯ ತೇವದ ಗಾಳಿ. ಬೆವರು ಬರುತ್ತೆ, ಆರಲ್ಲ. ಬೆವರು ಆರದಿದ್ರೆ ಮೈ ತಣ್ಣಗಾಗಲ್ಲ. ಅದನ್ನ ಹತ್ತಿರದಲ್ಲೇ ಪರೀಕ್ಷೆ ಮಾಡ್ಬೇಕಂದ್ರೆ ಆಗುಂಬೆ ಘಟ್ಟ ಇಳಿದ್ರೆ ಆಯ್ತು, ಇತ್ತೀಚಿನ ವರ್ಷಗಳಲ್ಲಿ ಫೆಬ್ರವರಿಯಲ್ಲಿ ಮಣಿಪಾಲ ಮ್ಯಾರಥಾನ್ ನಡೀತಿದೆ. ತೀರ್ಥಹಳ್ಳಿಯವರಿಗೆ ಅದೇ ಹತ್ತಿರ.

ಶ್ರೀರಂಗಪಟ್ಟಣ: ಸಪಾಟು

ಕಾವೇರಿ ಟ್ರೇಲ್ ಮ್ಯಾರಥಾನ್ ರಂಗನತಿಟ್ಟು ಹತ್ತಿರ ನಾಲೆಯ ಏರಿ ಮೇಲೆ. ಮಣ್ಣಿನ ದಾರಿ, ಪಕ್ಕದಲ್ಲಿ ನೀರು, ಆಚೆ ಗದ್ದೆ. ಏರಿಳಿತ ಬಹಳ ಕಡಿಮೆ. ಸುಲಭ ಅಂದ್ಕೊಂಡು ಮಲೆನಾಡಿನೋರು ಇಲ್ಲೇ ಶುರುವಿಗೆ ಜೋರಾಗಿ ಓಡಿಬಿಡೋ ಅಪಾಯ ಇರೋದು. ಬಿಸಿಲು ಏರಿದ ಮೇಲೆ ಆ ಬಯಲು ಉದ್ದ ಅನ್ಸುತ್ತೆ. ಸಾಗರದಿಂದ ಮೈಸೂರಿಗೆ ನೇರ ರೈಲಿದೆ, ಖರ್ಚು ಕಡಿಮೆ.

ನಮ್ಮೂರಲ್ಲಿ ತಯಾರಿ

ಏರು ನಮಗೆ ಬಿಟ್ಟಿ ಸಿಕ್ಕಿದೆ. ಆದ್ರೆ ಆಗುಂಬೆ, ಹುಲಿಕಲ್ ಘಟ್ಟದ ತಿರುವುಗಳಲ್ಲಿ ಓಡೋ ಸಾಹಸ ಬೇಡ ಮಾರಾಯ್ರೆ. ಎದುರಿಂದ ಬರೋ ಬಸ್ಸಿಗೆ ನೀವು ಕಾಣಲ್ಲ. 2025ರ ಜುಲೈಯಲ್ಲಿ ಉದ್ಘಾಟನೆ ಆದ ಸಿಗಂದೂರು ಸೇತುವೆ, 2.44 ಕಿ.ಮೀ., ಶರಾವತಿ ಹಿನ್ನೀರಿನ ಮೇಲೆ ನಮ್ಮದೇ ಸೀ ಲಿಂಕ್ ಥರ ಇದೆ. ಅದೂ ವಾಹನಗಳ ರಸ್ತೆ, ನೆನಪಿರಲಿ. ವಾಹನ ಕಡಿಮೆ ಇರೋ ಊರ ಒಳರಸ್ತೆ ಹುಡುಕಿ, ಬೆಳಕಾದ ಮೇಲೆ ಓಡಿ.

ಕಾಡ ಹಾದಿ ವಿಷಯದಲ್ಲಿ ಇನ್ನೊಂದು ದೊಡ್ಡ ಎಚ್ಚರಿಕೆ ಇದೆ. ಓಟಗಾರರಿಗೆ ಇಷ್ಟ ಆಗೋ ಚಳಿಗಾಲವೇ ನಮ್ಮಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಉಣುಗು ಕಚ್ಚೋದರಿಂದ ಬರುತ್ತೆ. ಡಿಸೆಂಬರ್‌ನಿಂದ ಮೇವರೆಗೆ ಜೋರು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದು ಜೀವಗಳನ್ನೇ ತೆಗೀತು. ಆ ತಿಂಗಳುಗಳಲ್ಲಿ ದರಗು ಬಿದ್ದ ಕಾಲುದಾರಿ ಬಿಡಿ, ಟಾರ್ ರಸ್ತೆ ಹಿಡೀರಿ. ಕಾಡಿಗೆ ಹೋಗಲೇಬೇಕಾದ್ರೆ ಮೈ ಮುಚ್ಚೋ ಬಟ್ಟೆ, ಉಣುಗು ಓಡಿಸೋ ತೈಲ, ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆ ತೊಳೆಯೋದು ತಪ್ಪಿಸಬೇಡಿ. ಮಂಗ ಸತ್ತು ಬಿದ್ದಿದ್ರೆ ಆ ಕಡೆ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಆಮೇಲೆ ಜ್ವರ ಬಂದ್ರೆ 'ಓಡಿ ಸುಸ್ತಾಗಿದೆ' ಅಂದ್ಕೋಬೇಡಿ. ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ.

ದುಡ್ಡಿನ ಲೆಕ್ಕ

ಬಿ.ಕಾಂ. ಓದಿದ ತಲೆ, ಇದನ್ನ ಬಿಡೋಕಾಗಲ್ಲ. ದೂರದ ಓಟದಲ್ಲಿ ಎಂಟ್ರಿ ಫೀಸು ಖರ್ಚಿನ ಒಂದು ಚಿಕ್ಕ ತುಂಡು ಅಷ್ಟೇ. ಪ್ರಯಾಣ, ರೂಮು, ರಜೆ ಹಾಕಿದ ದಿನದ ಸಂಬಳ ಸೇರಿಸಿ. ಲೇಹ್‌ಗೆ ಒಗ್ಗಿಕೊಳ್ಳೋ ದಿನಗಳ ರೂಮು-ಊಟವೂ ಬರುತ್ತೆ. ಮತ್ತೆ, ಹೋಗದಿದ್ರೆ ಫೀಸು ಸಾಮಾನ್ಯವಾಗಿ ವಾಪಸ್ ಬರಲ್ಲ. ಅದು ಹೋದ ದುಡ್ಡು. ಮಂಡಿ ನೋವಿದ್ದಾಗ, ಜ್ವರ ಇದ್ದಾಗ 'ದುಡ್ಡು ಕಟ್ಟಿದ್ದೀನಿ' ಅಂತ ಓಡಿದ್ರೆ ಆ ದುಡ್ಡು ಬರಲ್ಲ, ಆಸ್ಪತ್ರೆ ಬಿಲ್ಲು ಬರುತ್ತೆ.

ಹೆಸರು ಕೊಡೋ ಮೊದಲು ಇನ್ನೆರಡು ನೋಡಿ: ಎಷ್ಟು ಮೀಟರ್ ಏರು ಇದೆ, ಕಟ್-ಆಫ್ ಎಷ್ಟು. ಕಟ್-ಆಫ್ ಅಂದ್ರೆ ಇಷ್ಟು ಗಂಟೆಯೊಳಗೆ ಮುಗಿಸದಿದ್ರೆ ಓಟದಿಂದ ಹೊರಗೆ.

ನನ್ನ ಪ್ರಕಾರ ಕ್ರಮ ಹೀಗೆ. ಮೊದಲು ಮಣಿಪಾಲ ಅಥವಾ ಶ್ರೀರಂಗಪಟ್ಟಣದಲ್ಲಿ ಒಂದು ಹಾಫ್. ಆಮೇಲೆ ಸಾತಾರ. ಎರಡು ಮೂರು ಹಾಫ್ ಆರಾಮಾಗಿ ಮುಗಿದ ಮೇಲೆ ಮುಂಬೈಯಲ್ಲಿ ಫುಲ್. ಲೇಹ್ ಕೊನೆಗೆ. ಬೆಟ್ಟ ಎಲ್ಲೂ ಹೋಗಲ್ಲ, ಎರಡು ವರ್ಷ ಬಿಟ್ಟು ಹೋದ್ರೂ ಅಲ್ಲೇ ಇರುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.