ಮೇಘಕಣವು ಮಳೆಹನಿಯಾಗುವ ಬಗೆ ಮತ್ತು ಅದರ ಗಣನೆ

ತುಂತುರು, ಸೋನೆ, ಜಡಿ ಎಂದು ಮಳೆಯ ಭೇದಗಳನ್ನು ಕನ್ನಡವು ಸೂಕ್ಷ್ಮವಾಗಿ ಗುರುತಿಸಿರುವುದು. ಈ ಭೇದಗಳು ತೋರುವುದಕ್ಕೆ ಮುನ್ನ ಮೇಘದೊಳಗೆ ನಡೆಯಬೇಕಾದ ಕಾರ್ಯವೊಂದುಂಟು. ಅದು ಬಹುಕಾಲ ಶಾಸ್ತ್ರಜ್ಞರಿಗೆ ಒಗಟಾಗಿದ್ದಿತು.

ಮೇಘವೆಂಬುದು ಆವಿಯಲ್ಲ, ಆವಿಯು ಕಣ್ಣಿಗೆ ಕಾಣದು. ಉಪ್ಪು, ಧೂಳು, ಹೊಗೆ ಮೊದಲಾದವುಗಳ ರೇಣುಗಳನ್ನು ಆಶ್ರಯಿಸಿ ಆವಿಯು ನೀರಾದಾಗ ಮೇಘಕಣವು ಹುಟ್ಟುವುದು. ಅದರ ತ್ರಿಜ್ಯ ಸುಮಾರು 10 ಮೈಕ್ರಾನ್, ಎಂದರೆ ಮಿಲಿಮೀಟರಿನ ನೂರನೆಯ ಒಂದು ಪಾಲು. ಅದು ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ಇಳಿಯುವುದರಿಂದ ಮೇಲೇರುವ ಗಾಳಿಯು ಅದನ್ನು ಸುಲಭವಾಗಿ ಎತ್ತಿ ಹಿಡಿಯುವುದು. ಒಂದು ಮಿಲಿಮೀಟರು ತ್ರಿಜ್ಯದ ಮಳೆಹನಿಯಾಗಬೇಕಾದರೆ ಇಂತಹ ಹತ್ತು ಲಕ್ಷ ಕಣಗಳ ನೀರು ಒಂದೆಡೆ ಸೇರಬೇಕು.

ಆವಿಯೊಂದರಿಂದಲೇ ಕಣವು ಬೆಳೆಯುವುದೆಂದರೆ, ಕಾಲಕ್ಕೆ ಅನುಗುಣವಾಗಿ ಹೆಚ್ಚುವುದು ತ್ರಿಜ್ಯವಲ್ಲ, ತ್ರಿಜ್ಯದ ವರ್ಗ. ಮೊದಲ 10 ಮೈಕ್ರಾನಿಗೆ ಎರಡು ನಿಮಿಷ ಹಿಡಿಯಿತೆಂದು ಭಾವಿಸಿದರೆ, ಒಂದು ಮಿಲಿಮೀಟರಿಗೆ ಅದರ ಹತ್ತು ಸಾವಿರ ಪಟ್ಟು, ಸುಮಾರು 14 ದಿನಗಳು ಬೇಕಾಗುವುವು. ಮೇಘಕ್ಕಾದರೋ ಅಷ್ಟು ಆಯುಸ್ಸಿಲ್ಲ. ಕೆಲವು ಮೇಘಗಳು ಅರ್ಧ ಗಂಟೆಯೊಳಗೇ ಮಳೆಗರೆಯುವುವು.

ಹಿಮಸ್ಫಟಿಕಗಳು ಸುತ್ತಲಿನ ನೀರ್ಗಣಗಳನ್ನು ಸೊರಗಿಸಿ ತಾವು ಬೆಳೆಯುವುವೆಂದು ಬೆರ್ಜೆರಾನನು 1930ರ ದಶಕದಲ್ಲಿ ಪ್ರತಿಪಾದಿಸಿದನು. ಶೀತಮೇಘಗಳಿಗೆ ಇದು ಸಲ್ಲುವುದು. ಆದರೆ ಉಷ್ಣವಲಯದಲ್ಲಿ ಹಿಮದ ಮಟ್ಟವನ್ನೇ ಮುಟ್ಟದ ಮೇಘಗಳೂ ಸುರಿಯುವುವಷ್ಟೆ. ಅಲ್ಲಿ ಕಣಗಳು ಒಂದನ್ನೊಂದು ತಾಗಿ ಕೂಡಿಕೊಳ್ಳುವುದೇ ದಾರಿ. ಇದಕ್ಕೂ ತೊಡಕುಂಟು: ಸುಮಾರು 20 ಮೈಕ್ರಾನಿಗೆ ಕಡಮೆಯಾದ ಕಣಗಳು ಗಾಳಿಯೊಡನೆ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವುವೇ ಹೊರತು ತಾಗುವುದು ವಿರಳ.

ಬಿಡುಗಡೆಯು ದೊರೆತುದು ಸಂಭಾವ್ಯತೆಯಿಂದ. ಎಲ್ಲ ಕಣಗಳೂ ಸರಾಸರಿಯಂತೆ ಬೆಳೆಯಬೇಕಾಗಿಲ್ಲ. ಹತ್ತು ಲಕ್ಷದಲ್ಲಿ ಒಂದು ಆಕಸ್ಮಿಕವಾಗಿ ಮುಂಚಿತವಾಗಿ ಕೆಲವು ಸಂಘಟ್ಟನೆಗಳನ್ನು ಪಡೆದರೆ ಸಾಕು, ಉಳಿದವು ಅದಕ್ಕೆ ಆಹಾರ. 1955ರಲ್ಲಿ ಟೆಲ್‌ಫರ್ಡನು ಇದನ್ನು ಗಣಿತದಿಂದ ತೋರಿಸಿದನು. ಸ್ಮೊಲುಚೋವ್‌ಸ್ಕಿಯು 1916ರಲ್ಲಿ ದ್ರವದಲ್ಲಿ ತೇಲುವ ಕಣಗಳಿಗಾಗಿ ರಚಿಸಿದ ಸಮೀಕರಣವೇ ಮೇಘದ ಗಣನೆಗೂ ಮೂಲವಾಯಿತು.

ಅದನ್ನು ಕಣಕಣಕ್ಕೂ ಬಿಡಿಸುವುದು ಅಸಾಧ್ಯವಾದುದರಿಂದ ಕೆಸ್ಲರನು 1969ರಲ್ಲಿ ನೀರನ್ನು ಮೇಘಜಲ, ಮಳೆಜಲ ಎಂದು ಎರಡೇ ಭಾಗಗಳಾಗಿ ಒಡೆದನು. ಘನಮೀಟರಿಗೆ ಅರ್ಧ ಗ್ರಾಮಿನಂತಹ ಒಂದು ಮಿತಿಯನ್ನು ಮೇಘಜಲವು ಮೀರಿದರೆ ಹೆಚ್ಚಳದ ಒಂದಂಶವು ಮಳೆಯಾಗತೊಡಗುವುದು. ಸರಳವೇನೋ ಹೌದು, ಆದರೆ ಆ ನೀರು ಎಷ್ಟು ಕಣಗಳಲ್ಲಿ ಹಂಚಿದೆಯೆಂಬ ಪ್ರಶ್ನೆಯೇ ಇಲ್ಲಿಲ್ಲ. ಹೊಗೆ ತುಂಬಿದ ಗಾಳಿಯಲ್ಲಿ ಅಷ್ಟೇ ನೀರು ಹೆಚ್ಚು ಕಣಗಳಾಗಿ ಚೂರಾಗುವುದು, ಸಣ್ಣ ಕಣಗಳು ಕೂಡವು, ಮಳೆಯು ತಡವಾಗುವುದು. ಸೂತ್ರದಲ್ಲಿ ಮಾತ್ರ ಎರಡು ಗಾಳಿಗಳಿಗೂ ಒಂದೇ ಮಳೆ.

ಕಣಗಳನ್ನು ತೂಕದ ಪ್ರಕಾರ ವರ್ಗಗಳಾಗಿ ಹಂಚಿ ಲೆಕ್ಕಹಾಕುವವರು ಈ ದೋಷವನ್ನು ಕಳೆದರು. ಆದರೆ ವರ್ಗಗಳು ಒರಟಾದರೆ ಗಣನೆಯೇ ಇಲ್ಲದ ದೊಡ್ಡ ಹನಿಗಳನ್ನು ಹುಟ್ಟಿಸಿ ಮಳೆಯನ್ನು ಬೇಗನೆ ತರುವುದು. 2009ರಲ್ಲಿ ಶೀಮಾ ಮತ್ತು ಅವರ ಸಂಗಡಿಗರು ಪ್ರಕಟಿಸಿದ ವಿಧಾನದಲ್ಲಿ ಒಂದು ಪ್ರತಿನಿಧಿಕಣವು ಅಸಂಖ್ಯ ಸದೃಶ ಕಣಗಳ ಪರವಾಗಿ ನಿಲ್ಲುವುದು. ಯಾವುದು ಯಾವುದನ್ನು ತಾಗಬೇಕೆಂಬುದನ್ನು ಚೀಟಿಯೆತ್ತಿದಂತೆ ಯದೃಚ್ಛೆಯಿಂದ ನಿರ್ಣಯಿಸುವರು.